ಕಲ್ಲುದಾರಿಯ ಸೈಕಲ್ಲು: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯಿಂದ ಬಂದ ಪತ್ರಗಳಲ್ಲಿ ಈ ಸಲ ಮೌಂಟೇನ್ ಬೈಕ್, ಅಂದರೆ ದಪ್ಪ ಟಯರಿನ ಗೇರ್ ಸೈಕಲ್ಲಿನ ಬಗ್ಗೆ ಕೇಳಿದವರೇ ಹೆಚ್ಚು. ಎಲ್ಲರಿಗೂ ಉಪಯೋಗವಾಗುವಂಥ ನಾಲ್ಕನ್ನು ಆರಿಸಿಕೊಂಡಿದ್ದೇನೆ.

ಡಾಕ್ಟರ್ ಸಾಹೇಬ್ರ, ನನಗ 24 ವರ್ಷ. ಪಿಎಸ್‌ಐ ಪರೀಕ್ಷಾಕ್ಕ ಓದಾಕತ್ತೀನ್ರಿ. ರಾತ್ರಿ ಮಲಗಿದ್ರ ನಿದ್ದಿ ಹತ್ತಂಗಿಲ್ಲ, ಬರೀ ಕಟ್‌ಆಫ್ ಲೆಕ್ಕ ತಲ್ಯಾಗ ಓಡತೈತಿ. ಗೆಳ್ಯಾ ಒಬ್ಬಾಂವ ಗುಡ್ಡದ ಸೈಕಲ್ ತಗೊಂಡಾನ, ‘ಬಾ, ಮನಸ್ಸು ಹಗರ ಆಕ್ಕೈತಿ’ ಅಂತಾನ. ನಮ್ಮಪ್ಪಾರು ‘ಓದೂ ಹೊತ್ತು ಹಾಳ ಮಾಡ್ಕೋಬ್ಯಾಡ’ ಅಂತಾರ. ಯಾರ ಮಾತು ಕೇಳ್ಲಿ?
– ಒಬ್ಬ ಅಭ್ಯರ್ಥಿ, ಮೂಡಲಗಿ

ತಮ್ಮಾ, ಈ ವಿಷಯದಲ್ಲಿ ಗೆಳೆಯನ ಮಾತು ಕೇಳು. ಅಪ್ಪನಿಗೆ ಈ ಉತ್ತರ ಓದಿ ಹೇಳು.

ಟಾರ್ ರಸ್ತೆಯಲ್ಲಿ ಕಾಲು ತನ್ನ ಪಾಡಿಗೆ ತುಳಿಯುತ್ತಿರುತ್ತದೆ, ತಲೆ ಕಟ್‌ಆಫ್ ಲೆಕ್ಕ ಹಾಕುತ್ತಲೇ ಇರಬಹುದು. ಗೋಕಾಕದ ಗುಡ್ಡಗಳ ಮರಳುಗಲ್ಲಿನ ಇಳಿಜಾರಿನಲ್ಲಿ ಅದು ನಡೆಯದು. ಅಲ್ಲಿ ಎರಡೂ ಪೆಡಲ್ ಸಮಕ್ಕೆ ನಿಲ್ಲಿಸಿ, ಸೀಟಿನಿಂದ ಎದ್ದು, ಮೊಣಕಾಲು ಮೊಣಕೈ ಸಡಿಲ ಬಿಟ್ಟು, ಸೊಂಟ ಹಿಂದಕ್ಕೆ ಸರಿಸಿ, ಒಂದೊಂದೇ ಬೆರಳು ಬ್ರೇಕಿನ ಮೇಲಿಟ್ಟು ಇಳಿಯಬೇಕು. ಕಣ್ಣು ನಾಲ್ಕೈದು ಮಾರು ಮುಂದಿರಬೇಕು. ತಪ್ಪಿಸಬೇಕಾದ ಕಲ್ಲನ್ನೇ ದಿಟ್ಟಿಸಿದರೆ ಸೈಕಲ್ ಹೋಗಿ ಅದಕ್ಕೇ ಬಡಿಯುತ್ತದೆ. ಸಂದು ನೋಡಿದರೆ ಸಂದಿನಲ್ಲಿ ಹಾಯುತ್ತದೆ. ಅಷ್ಟು ಹೊತ್ತು ಮನಸ್ಸಿಗೆ ಬೇರೆ ಚಿಂತೆಗೆ ಪುರುಸೊತ್ತೇ ಇರುವುದಿಲ್ಲ. ಒಂದೇ ಯೋಚನೆಯನ್ನು ಮತ್ತೆ ಮತ್ತೆ ಮೆಲುಕು ಹಾಕುವ ಅಭ್ಯಾಸ ಆತಂಕವನ್ನೂ ಖಿನ್ನತೆಯನ್ನೂ ಬೆಳೆಸುತ್ತದೆ. ಅದನ್ನು ‘ಬಿಡು’ ಎಂದು ಬಾಯಲ್ಲಿ ಹೇಳಿದರೆ ಯಾರೂ ಬಿಡಲಾರರು. ಕಲ್ಲುದಾರಿ ಮಾತಿಲ್ಲದೆ ಬಿಡಿಸುತ್ತದೆ. ಈ ಸವಾರಿಯನ್ನು ನಾನು ಇಷ್ಟು ಒತ್ತಿ ಹೇಳುವುದು ಮುಖ್ಯವಾಗಿ ಇದಕ್ಕೇ.

ಏರಿನ ಲಾಭ ಬೇರೆ. ದಿಬ್ಬ ಹತ್ತುವಾಗ ಎದೆಬಡಿತ ಜೋರಾಗುತ್ತದೆ, ಇಳಿಯುವಾಗ ತಗ್ಗುತ್ತದೆ, ಮತ್ತೆ ಏರು ಬರುತ್ತದೆ. ಹೃದಯಕ್ಕೆ, ಶ್ವಾಸಕೋಶಕ್ಕೆ ಇದು ಒಳ್ಳೆಯ ಪಳಗಿಕೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ, ಇಲ್ಲವೇ 75 ನಿಮಿಷ ಬಿರುಸಿನ ವ್ಯಾಯಾಮ ಬೇಕು. ವಾರಕ್ಕೆ ಮೂರು ದಿನ ಮುಕ್ಕಾಲು ಗಂಟೆ ಗುಡ್ಡ ಸುತ್ತಿದರೆ ಅದು ಮುಗಿಯುತ್ತದೆ, ಓದಿಗೆ ಹೊಡೆತ ಬೀಳುವುದಿಲ್ಲ. ಬೆಳಿಗ್ಗೆಯೇ ಹೋಗು. ಮುಂಜಾನೆಯ ಬೆಳಕು ಕಣ್ಣಿಗೆ ಬಿದ್ದರೆ ರಾತ್ರಿಯ ನಿದ್ದೆ ಸರಿಯಾದ ಹೊತ್ತಿಗೆ ಬರುತ್ತದೆ. ಮಲಗುವ ಮುಂಚೆ ಬಿರುಸಾಗಿ ತುಳಿದರೆ ಕೆಲವರಿಗೆ ಇದ್ದ ನಿದ್ದೆಯೂ ದೂರವಾಗುತ್ತದೆ. ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲವಾದರೆ ಅವತ್ತು ಇಳಿಜಾರು ಬೇಡ, ಕೈಕಾಲು ಚುರುಕಾಗಿ ಮಾತು ಕೇಳುವುದಿಲ್ಲ.

ಇನ್ನೊಂದು ಮಾತು. ಎರಡು ವಾರ ಮೀರಿಯೂ ಮನಸ್ಸು ಕುಗ್ಗಿದ್ದರೆ, ಊಟ ಸೇರದಿದ್ದರೆ, ಬದುಕು ಸಾಕೆನಿಸಿದರೆ ಸೈಕಲ್ಲನ್ನೇ ಔಷಧ ಮಾಡಿಕೊಂಡು ಕೂಡಬೇಡ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡು. ಖರ್ಚಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ನಾನು 46 ವರ್ಷದ ಶಿಕ್ಷಕಿ. ಮೆಟ್ಟಿಲು ಇಳಿಯುವಾಗ ಮೊಣಕಾಲು ನೋಯುತ್ತವೆ. ಮಗಳ ಗೇರ್ ಸೈಕಲ್ ಮನೆಯಲ್ಲಿ ಸುಮ್ಮನೆ ನಿಂತಿದೆ. ನಾನು ಓಡಿಸಬಹುದೇ? ನೋವು ಹೆಚ್ಚಾದೀತೇ?
– ಹುಕ್ಕೇರಿ

ಓಡಿಸಿ ಅಕ್ಕೋರೇ. ಸೈಕಲ್ ಮೇಲೆ ಮೈಭಾರದ ಬಹುಪಾಲು ಸೀಟು ಹೊರುವುದರಿಂದ ಮೊಣಕಾಲಿಗೆ ಓಟದಷ್ಟು ಪೆಟ್ಟು ಬೀಳುವುದಿಲ್ಲ. ತೊಡೆಯ ಸ್ನಾಯು ಗಟ್ಟಿಯಾದಂತೆ ಮೆಟ್ಟಿಲು ಇಳಿಯುವ ನೋವೂ ಎಷ್ಟೋ ಜನರಲ್ಲಿ ಕಡಿಮೆಯಾಗುತ್ತದೆ. ಮೊದಲು ಸೀಟು ಸರಿಮಾಡಿಕೊಳ್ಳಿ. ಎರಡೂ ಕಾಲು ನೆಲಕ್ಕೆ ಸಿಗಲೆಂದು ನಮ್ಮಲ್ಲಿ ಸೀಟು ತಗ್ಗಿಸಿಯೇ ಓಡಿಸುತ್ತಾರೆ. ಮೊಣಕಾಲು ಪೂರ್ತಿ ಮಡಚಿ ತುಳಿಯಬೇಕಾಗಿ ಚಿಪ್ಪಿನ ಹಿಂದೆ ನೋವು ಶುರುವಾಗುತ್ತದೆ. ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಕೆಳಗಿನ ಪೆಡಲ್ ಮೇಲೆ ಹಿಮ್ಮಡಿ ಇಡಿ. ಕಾಲು ನೇರವಾಗಬೇಕು. ಆಮೇಲೆ ಮುಂಗಾಲಲ್ಲಿ ತುಳಿದಾಗ ಮೊಣಕಾಲು ತುಸುವೇ ಬಾಗುತ್ತದೆ, ಅದೇ ಸರಿಯಾದ ಎತ್ತರ. ಏರಿನಲ್ಲಿ ಹಗುರ ಗೇರ್ ಹಾಕಿ ಸರಸರ ತುಳಿಯಿರಿ, ಬಿಗಿ ಗೇರಿನಲ್ಲಿ ಒತ್ತಬೇಡಿ.

ನಿಮ್ಮ ವಯಸ್ಸಿನಲ್ಲಿ ಮೂಳೆಯ ಚಿಂತೆಯೂ ಇರಬೇಕು. ಬರೀ ನುಣುಪು ರಸ್ತೆಯ ಸವಾರಿ ಮೂಳೆಗೆ ಅಷ್ಟಾಗಿ ಬಲ ಕೊಡುವುದಿಲ್ಲ. ಕಲ್ಲುದಾರಿ ತುಳಿಯುವವರ ಮೂಳೆ ರಸ್ತೆ ಸವಾರರಿಗಿಂತ ಗಟ್ಟಿ ಎಂದು ಅಧ್ಯಯನದಲ್ಲಿ ಕಂಡಿದೆ. ದಾರಿಯ ಅದುರು, ಕೈ-ಬೆನ್ನು-ಹೊಟ್ಟೆಯ ಸ್ನಾಯುಗಳ ಎಳೆತ ಇದಕ್ಕೆ ಕಾರಣವಿರಬಹುದು. ಆದರೂ ನಡಿಗೆ ಬಿಡಬೇಡಿ. ಮೊದಮೊದಲು ಊರ ಹೊರಗಿನ ಸಮತಟ್ಟು ಗರಸಿನ ದಾರಿ ಸಾಕು. ದುಪಟ್ಟಾ ಸೊಂಟಕ್ಕೆ ಬಿಗಿದುಕೊಳ್ಳಿ, ಚಕ್ರಕ್ಕೆ ಸಿಕ್ಕೀತು. ಮೊಣಕಾಲು ಊದಿಕೊಂಡರೆ ಅಥವಾ ನಡುವೆ ಹಿಡಿದುಕೊಂಡು ಬಿಟ್ಟರೆ ಮೂಳೆ ವೈದ್ಯರಿಗೆ ತೋರಿಸಿ.

ನನಗ 52 ವರ್ಷ, ಅಂಗಡಿ ಐತ್ರಿ. ಸಕ್ಕರಿ ಕಾಯಿಲೆಗೆ ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ತಗೋತೀನಿ. ಗೆಳೆಯರ ಸಂಗಾಟ ಫಾಲ್ಸ್ ಕಡೆ ಗುಡ್ಡಕ್ಕ ಸೈಕಲ್ ಮ್ಯಾಲ ಹೋಗಬೇಕಂತೀನಿ. ಕಿಸೆದಾಗ ಕರದಂಟು ಇಟ್ಕೊಂಡ್ರ ಸಾಕಲ್ರೀ?
– ಗೋಕಾಕ

ಹೋಗುವ ಮನಸ್ಸು ಮಾಡಿದ್ದು ಬಹಳ ಒಳ್ಳೆಯದಾಯಿತು ಸಾಹುಕಾರರೇ. ದುಡಿಯುವ ಸ್ನಾಯು ಇನ್ಸುಲಿನ್‌ಗೆ ಕಾಯದೆ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಒಂದು ಸವಾರಿಯ ಗುಣ ಒಂದೆರಡು ದಿನ ಇರುತ್ತದೆ. ಅದಕ್ಕೇ ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೊಡಬಾರದು.

ಆದರೆ ಕರದಂಟು ಸಾಕಾಗುವುದಿಲ್ಲ. ಗ್ಲಿಮೆಪಿರೈಡ್ ತೆಗೆದುಕೊಳ್ಳುವವರಿಗೆ ದಿಬ್ಬದ ಮೇಲೆ ಸಕ್ಕರೆ ಒಮ್ಮೆಲೇ ಇಳಿಯಬಹುದು: ಬೆವರು, ನಡುಕ, ಕಣ್ಣು ಮಂಜು. ಕರದಂಟಿನಲ್ಲಿ ಬೆಲ್ಲ ಇದೆ ನಿಜ, ಜೊತೆಗೆ ತುಪ್ಪ, ಕೊಬ್ಬರಿ, ಗೋಡಂಬಿಯೂ ಇವೆ. ಆ ಕೊಬ್ಬಿನಂಶ ಸಕ್ಕರೆ ರಕ್ತ ಸೇರುವುದನ್ನು ತಡ ಮಾಡುತ್ತದೆ. ಆಗ ಬೇಕಾದದ್ದು ಮೂರು ಚಮಚ ಗ್ಲೂಕೋಸ್ ಪುಡಿ ಅಥವಾ ಸಕ್ಕರೆ ಕದಡಿದ ನೀರು. 15 ನಿಮಿಷ ನೆರಳಲ್ಲಿ ಕೂತು ರಕ್ತದ ಸಕ್ಕರೆ ಪರೀಕ್ಷಿಸಿ. 70ರ ಕೆಳಗೇ ಇದ್ದರೆ ಇನ್ನೊಮ್ಮೆ ಕುಡಿಯಿರಿ. ಹೊರಡುವಾಗಲೇ 90ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದೇ ಹೊರಡಿ. ಒಬ್ಬರೇ ಹೋಗಬೇಡಿ, ಕಾಯಿಲೆಯ ವಿಷಯ ಜೊತೆಯವರಿಗೆ ತಿಳಿದಿರಲಿ.

ಅದಕ್ಕೂ ಮೊದಲು ಇಸಿಜಿ, ಕಣ್ಣಿನ ಹಿಂಪರದೆ, ಪಾದ ಮೂರನ್ನೂ ತಪಾಸಣೆ ಮಾಡಿಸಿ. ಹಿಂಪರದೆಯಲ್ಲಿ ಹೊಸ ರಕ್ತನಾಳ ಬೆಳೆದಿದ್ದರೆ ಬಿರುಸಿನ ಶ್ರಮ, ಕುಲುಕಾಟದಿಂದ ಕಣ್ಣೊಳಗೆ ರಕ್ತ ಸೋರುವ ಅಪಾಯವಿದೆ. ಸವಾರಿಯ ದಿನ ಮಾತ್ರೆಯ ಪ್ರಮಾಣ ಬದಲಿಸಬೇಕೇ ಎಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು, ನೀವಾಗಿ ಬಿಡಬೇಡಿ. ತುಳಿಯುತ್ತ ಒಂದು ವಾಕ್ಯ ಪೂರ್ತಿ ಮಾತಾಡಲು ಆಗುವಷ್ಟೇ ವೇಗ ಇರಲಿ. ಎದೆ ಬಿಗಿದರೆ ಅಲ್ಲೇ ಇಳಿದುಬಿಡಿ.

ಮಗನಿಗೆ 14 ವರ್ಷ. ಎಂಟಿಬಿ (ಮೌಂಟೇನ್ ಬೈಕ್) ಸೈಕಲ್ ಬೇಕೇಬೇಕು ಎಂದು ಹಟ ಹಿಡಿದಿದ್ದಾನೆ. ಕೊಡಿಸಲೇ? ಬಿದ್ದರೆ ಗತಿ ಏನು?
– ಒಬ್ಬ ತಾಯಿ, ಘಟಪ್ರಭಾ

ಕೊಡಿಸಿ ತಾಯಿ. ಮೊಬೈಲ್ ಬಿಟ್ಟು ಹೊರಗೆ ಹೋಗುತ್ತೇನೆ ಎನ್ನುವ ಹುಡುಗನನ್ನು ತಡೆಯಬೇಡಿ. ಈ ಆಟ 1996ರಿಂದ ಒಲಿಂಪಿಕ್ಸ್‌ನಲ್ಲಿದೆ. ನಮ್ಮ ಗದಗದಲ್ಲೇ ರಾಷ್ಟ್ರೀಯ ಮೌಂಟೇನ್ ಬೈಕ್ ಸ್ಪರ್ಧೆ ನಡೆದಿದೆ. ವಿಜಯಪುರ, ಬಾಗಲಕೋಟೆಯ ಹಳ್ಳಿಗಳ ಮಕ್ಕಳು ಸೈಕಲ್ ತುಳಿದೇ ದೇಶದ ತಂಡ ಸೇರಿದ್ದಾರೆ.

ದುಬಾರಿ ಸೈಕಲ್ ಬೇಕಿಲ್ಲ. ಅಗ್ಗದ ಸೈಕಲ್ಲಿಗೆ ಹಾಕಿರುವ ಸ್ಪ್ರಿಂಗ್ ಭಾರ ಹೆಚ್ಚಿಸುವುದೇ ಹೆಚ್ಚು. ಎರಡೂ ಬ್ರೇಕ್ ಚೆನ್ನಾಗಿರುವ, ಅಳತೆಗೆ ಸರಿಯಾದ ಸಾದಾ ಸೈಕಲ್ ನೋಡಿ. ಉಳಿದ ಹಣದಲ್ಲಿ ಹೆಲ್ಮೆಟ್, ಕೈಗವಸು ಕೊಳ್ಳಿ. ಬಿದ್ದೇ ಬೀಳುತ್ತಾನೆ. ಮುಂಗೈ, ಹೆಗಲ ಮೂಳೆ ಮುರಿದರೆ ಕೂಡುತ್ತವೆ, ತಲೆಗೆ ಮಾತ್ರ ರಕ್ಷಣೆ ಇರಲೇಬೇಕು. ತಲೆಗೆ ಪೆಟ್ಟಾಗಿ ವಾಂತಿ, ಮಂಪರು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಮಳೆ ಬಂದ ದಿನ ಎರೆಮಣ್ಣಿನ ದಾರಿ ಬೇಡ, ಚಕ್ರ ಕಟ್ಟಿಬಿಡುತ್ತದೆ. ಜಾಲಿಮುಳ್ಳಿನ ಸೀಮೆಯಾದ್ದರಿಂದ ಪಂಕ್ಚರ್ ಹಾಕುವುದನ್ನು ಅವನೇ ಕಲಿಯಲಿ. ಧುಪದಾಳದ ಕಾಲುವೆ ದಂಡೆಯಲ್ಲಿ ನೀರಿನ ಅಂಚಿಗೆ ಹೋಗಬಾರದು, ಅಲ್ಲಿನ ಪಕ್ಷಿಧಾಮದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ನುಗ್ಗಬಾರದು. ಕಬ್ಬಿನ ಹಂಗಾಮಿನಲ್ಲಿ ಸಂಜೆಯಾದ ಮೇಲೆ ದೊಡ್ಡ ರಸ್ತೆಗೆ ಬಿಡಲೇಬೇಡಿ. ಎರಡೆರಡು ಟ್ರೇಲರ್ ಕಟ್ಟಿಕೊಂಡು ಹಿಂದೀಪವಿಲ್ಲದೆ ಬರುವ ಟ್ರ್ಯಾಕ್ಟರುಗಳ ಅಪಾಯದ ಮುಂದೆ ಗುಡ್ಡದ ಕಲ್ಲುಗಳದು ಏನೂ ಅಲ್ಲ. ಸೈಕಲ್ಲಿಗೆ ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ ಕೊಂಡ ದಿನವೇ ಹಾಕಿಸಿ.