ಅಶ್ಲೀಲವೂ ಸೂತಕವೂ: ಹೇಳಬಾರದ ಮಾತುಗಳ ಮನಶ್ಶಾಸ್ತ್ರ

ಕಾವ್ಯದೋಷಗಳನ್ನು ಎಣಿಸುವಾಗ ನಮ್ಮ ಆಲಂಕಾರಿಕರು 'ಅಶ್ಲೀಲ'ವೆಂಬ ದೋಷಕ್ಕೆ ತಪ್ಪದೆ ಒಂದು ಸ್ಥಾನವನ್ನು ಕೊಟ್ಟಿದ್ದಾರೆ. ಶ್ರೀ ಇಲ್ಲದುದು, ಎಂದರೆ ಶೋಭೆಗೆಟ್ಟುದು, ಅಶ್ಲೀಲ. ವಾಮನನು ತನ್ನ 'ಕಾವ್ಯಾಲಂಕಾರಸೂತ್ರವೃತ್ತಿ'ಯಲ್ಲಿ ಇದನ್ನು ಮೂರು ಬಗೆಯಾಗಿ ವಿಭಾಗಿಸುತ್ತಾನೆ: ವ್ರೀಡೆಯನ್ನು, ಎಂದರೆ ನಾಚಿಕೆಯನ್ನು, ಉಂಟುಮಾಡುವುದು, ಜುಗುಪ್ಸೆಯನ್ನು ಉಂಟುಮಾಡುವುದು, ಅಮಂಗಲವನ್ನು ಸೂಚಿಸುವುದು. ಹನ್ನೊಂದನೆಯ ಶತಮಾನದ ಮಮ್ಮಟನೂ ತನ್ನ 'ಕಾವ್ಯಪ್ರಕಾಶ'ದಲ್ಲಿ ಇದೇ ವಿಭಾಗವನ್ನು ಅಂಗೀಕರಿಸಿದ್ದಾನೆ. ವಿದ್ವತ್ ಪರೀಕ್ಷೆಗೆ ಓದುತ್ತಿದ್ದ ದಿನಗಳಲ್ಲಿ ನಾನು ಇದನ್ನು ಕಂಠಪಾಠ ಮಾಡಿ ಗುರುಗಳ ಮುಂದೆ ಒಪ್ಪಿಸಿದ್ದೆನೇ ಹೊರತು, ಇದು ಕಾವ್ಯದ ವಿಚಾರ ಮಾತ್ರವಲ್ಲ, ಮಾನವನ ಮನಸ್ಸಿನ ವಿಚಾರವೂ ಹೌದೆಂಬುದು ನನಗೆ ಹೊಳೆದಿರಲಿಲ್ಲ. ಅದು ಹೊಳೆದುದು ಬಹಳ ತಡವಾಗಿ, ಒಬ್ಬ ವಿದ್ಯಾರ್ಥಿನಿಯ ಮಾತಿನಿಂದ. ಆ ಪ್ರಸಂಗವನ್ನು ಮೊದಲು ನಿವೇದಿಸಿ, ಬಳಿಕ ಶಾಸ್ತ್ರವಿಚಾರಕ್ಕೆ ಬರುವುದು ಉಚಿತವೆಂದು ಭಾವಿಸುತ್ತೇನೆ.

ಒಂದು ಪ್ರಶ್ನೆ

ಇಪ್ಪತ್ತೈದು ವರ್ಷಗಳಿಗೂ ಹಿಂದೆ, ಬೇರೊಂದು ಊರಿನಲ್ಲಿ ನಾನು ಎಂಟನೆಯ ತರಗತಿಗೆ ಕನ್ನಡವನ್ನು ಬೋಧಿಸುತ್ತಿದ್ದೆ. ಅಂದು ದ್ಯೂತಪ್ರಸಂಗದ ಹಿನ್ನೆಲೆಯನ್ನು ವಿವರಿಸುತ್ತ, ರಜಸ್ವಲೆಯಾಗಿ ಏಕವಸ್ತ್ರದಲ್ಲಿದ್ದ ದ್ರೌಪದಿಯನ್ನು ದುಶ್ಶಾಸನನು ಮುಡಿಹಿಡಿದು ಸಭೆಗೆ ಎಳೆದುತಂದನೆಂದು ಹೇಳಿದೆ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಹುಡುಗಿ ಎದ್ದುನಿಂತು, "ಗುರುಗಳೇ, ರಜಸ್ವಲೆ ಅಂದರೇನ್ರೀ?" ಎಂದು ಕೇಳಿದಳು. ಅವಳ ಮುಖದಲ್ಲಿ ಕುಹಕವಿರಲಿಲ್ಲ. ಅರ್ಥ ತಿಳಿಯದ ಪದದ ಅರ್ಥವನ್ನು ತಿಳಿಯುವ ಆಸೆ ಮಾತ್ರ ಇತ್ತು. ಶಬ್ದಾರ್ಥವನ್ನು ಹೇಳುವುದೇ ವೃತ್ತಿಯಾಗಿದ್ದ ನಾನು, "ಅದು ಪರೀಕ್ಷೆಗೆ ಬರುವುದಿಲ್ಲ, ಕೂಡು" ಎಂದೆ. ಹಿಂದಿನ ಸಾಲಿನ ಹುಡುಗರು ನಕ್ಕರು. ಆ ಹುಡುಗಿ ಕುಳಿತಳು. ಆ ವರ್ಷ ಪೂರ್ತಿ ಅವಳು ನನ್ನ ತರಗತಿಯಲ್ಲಿ ಮತ್ತೊಂದು ಪ್ರಶ್ನೆಯನ್ನು ಕೇಳಲಿಲ್ಲ.

ಅನೇಕ ವರ್ಷಗಳ ತರುವಾಯ ಒಂದು ಮದುವೆಯ ಮನೆಯಲ್ಲಿ ಆಕೆ ಭೇಟಿಯಾದಳು. ಮಗಳನ್ನು ಕರೆದು ನನಗೆ ನಮಸ್ಕಾರ ಮಾಡಿಸಿ, ಯೋಗಕ್ಷೇಮ ವಿಚಾರಿಸಿದ ಮೇಲೆ ಮೆಲ್ಲನೆ ಹೇಳಿದಳು: "ಗುರುಗಳೇ, ನೀವು ಕೂಡು ಅಂದ ಮೇಲೆ ಎರಡು ತಿಂಗಳಿಗೆ ನಾನು ದೊಡ್ಡಾಕಿ ಆದೆ. ಹೊಟ್ಯಾಗ ಏನೋ ಒಡದು ಸಾಯತೀನಿ ಅಂತ ತಿಳದು ಮೂರು ದಿನ ಅವ್ವಗೂ ಹೇಳಲಿಲ್ಲ. ಆವತ್ತು ನೀವು ಒಂದು ಮಾತು ಹೇಳಿದ್ದರ ನಾ ಅಷ್ಟು ಅಂಜತಿದ್ದಿಲ್ರೀ." ಆಕ್ಷೇಪಣೆಯ ದನಿಯಲ್ಲಿ ಅವಳು ಇದನ್ನು ಹೇಳಲಿಲ್ಲ. ಆದುದರಿಂದಲೇ ಅದು ನನ್ನನ್ನು ಹೆಚ್ಚು ನೋಯಿಸಿತು. ಪ್ರಕೃತ ಲೇಖನವು ಆ ಹುಡುಗಿಗೆ ಅಂದು ಕೊಡದೆ ಉಳಿಸಿಕೊಂಡ ಉತ್ತರ.

ನಿತ್ಯವ್ಯವಹಾರದಲ್ಲಿ ಮೂರು ಬಗೆ

ವಾಮನನ ಮೂರು ವಿಭಾಗಗಳೂ ನಮ್ಮ ಮನೆಮಾತಿನಲ್ಲಿ ದಿನನಿತ್ಯ ಕಾಣಸಿಗುತ್ತವೆ. ದೀಪವು ಆರಿತೆನ್ನದೆ 'ದೊಡ್ಡದಾಯಿತು' ಎನ್ನುತ್ತೇವೆ. ಮನೆಯಿಂದ ಹೊರಡುವವನು 'ಹೋಗುತ್ತೇನೆ' ಎನ್ನದೆ 'ಹೋಗಿಬರುತ್ತೇನೆ' ಎನ್ನುತ್ತಾನೆ. ರಾತ್ರಿಯ ವೇಳೆ ಹಾವೆನ್ನದೆ 'ಹುಳು' ಎನ್ನುವವರುಂಟು. ಸಿಡುಬು ಎದ್ದರೆ 'ಅಮ್ಮ ಬಂದಿದ್ದಾಳೆ' ಎನ್ನುತ್ತಿದ್ದರು. ಇವೆಲ್ಲವೂ ಅಮಂಗಲದ ಅಂಜಿಕೆಯಿಂದ ಹುಟ್ಟಿದ ನುಡಿಗಳು. ಶಾಲೆಯ ಮಕ್ಕಳು 'ಒಂದಕ್ಕೆ', 'ಎರಡಕ್ಕೆ' ಎಂದು ಬೆರಳೆತ್ತಿ ಅನುಮತಿ ಬೇಡುವುದು ಜುಗುಪ್ಸೆಯ ನಿವಾರಣೆಗಾಗಿ. 'ಹೊರಗಾದಳು', 'ಕಾಗೆ ಮುಟ್ಟಿತು' ಎಂಬ ಮಾತುಗಳಲ್ಲಿಯಾದರೋ ಮೂರೂ ಕೂಡಿಕೊಂಡಿವೆ: ನಾಚಿಕೆಯೂ ಉಂಟು, ಹೇಸಿಕೆಯೂ ಉಂಟು, ಅಮಂಗಲದ ಭೀತಿಯೂ ಉಂಟು. ಸ್ತ್ರೀಯರ ಮಾಸಿಕಧರ್ಮದ ಮೇಲೆ ಇಷ್ಟು ದಟ್ಟವಾದ ಮೌನವು ಕವಿದಿರುವುದಕ್ಕೆ ಈ ತ್ರಿವೇಣಿಸಂಗಮವೇ ಕಾರಣವಿರಬೇಕೆಂದು ನನ್ನ ಊಹೆ.

'ಮುಟ್ಟು' ಎಂಬ ಪದವನ್ನೇ ಪರಿಭಾವಿಸಿರಿ. ಮುಟ್ಟು ಎಂದರೆ ಸ್ಪರ್ಶ. ಯಾವ ಸ್ಥಿತಿಯಲ್ಲಿ ಮುಟ್ಟಬಾರದೋ ಆ ಸ್ಥಿತಿಗೇ ಮುಟ್ಟು ಎಂಬ ಹೆಸರು! ನಿಷೇಧದ ತಿರುಳು ಸ್ಪರ್ಶದಲ್ಲಿದೆಯೆಂಬುದನ್ನು ನುಡಿಯೇ ಒಪ್ಪಿಕೊಂಡಿದೆ. ಈ ಸ್ಪರ್ಶಭೀತಿ ನಮ್ಮ ನಾಡಿಗೆ ಮಾತ್ರ ಸೇರಿದುದಲ್ಲ. ಕ್ಯಾಪ್ಟನ್ ಜೇಮ್ಸ್ ಕುಕ್ ಎಂಬ ಆಂಗ್ಲ ನಾವಿಕನು 1777ರಲ್ಲಿ ಪೆಸಿಫಿಕ್ ಸಾಗರದ ಟೊಂಗಾ ದ್ವೀಪಗಳಲ್ಲಿದ್ದಾಗ, ಮುಟ್ಟಬಾರದ, ತಿನ್ನಬಾರದ, ಮಾಡಬಾರದ ಸಂಗತಿಗಳಿಗೆಲ್ಲ ಅಲ್ಲಿಯ ಜನರು 'ಟಬು' ಎಂಬ ಒಂದೇ ಪದವನ್ನು ಬಳಸುವುದನ್ನು ಕೇಳಿ ದಾಖಲಿಸಿದನು. ಇಂಗ್ಲಿಷಿನ 'ಟ್ಯಾಬೂ' ಎಂಬ ಪದವು ಬಂದುದು ಅಲ್ಲಿಂದ. 1913ರಲ್ಲಿ ಸಿಗ್ಮಂಡ್ ಫ್ರಾಯ್ಡ್ ಈ ಪದವನ್ನೇ ತನ್ನ ಗ್ರಂಥವೊಂದರ ಹೆಸರಿನಲ್ಲಿ ಇರಿಸಿಕೊಂಡು, ನಿಷಿದ್ಧವಾದುದರ ಬಗೆಗೆ ಮನಸ್ಸಿಗೆ ಭಯವಿರುವಂತೆ ಸೆಳೆತವೂ ಇರುತ್ತದೆಂದು ವಾದಿಸಿದನು. ಅವನ ಸಿದ್ಧಾಂತಗಳೆಲ್ಲ ಇಂದು ಮಾನ್ಯವಾಗಿಲ್ಲ. ಆದರೂ ಈ ಒಂದು ಮಾತು ಅನುಭವಕ್ಕೆ ಒಪ್ಪುವಂಥದು.

ಬುದ್ಧಿ ಒಪ್ಪಿದರೂ ಮನಸ್ಸು ಒಪ್ಪದು

ಒಮ್ಮೆ ತಗುಲಿದ ವಸ್ತುಗಳು ಅಗಲಿದ ಮೇಲೂ ಪರಸ್ಪರ ಪ್ರಭಾವ ಬೀರುತ್ತಿರುತ್ತವೆಂಬ ನಂಬಿಕೆಯು ಲೋಕದ ಮಾಂತ್ರಿಕ ಆಚರಣೆಗಳಲ್ಲೆಲ್ಲ ಅಡಗಿದೆಯೆಂದು ಜೇಮ್ಸ್ ಫ್ರೇಜರ್ 1890ರಲ್ಲಿ ಪ್ರಕಟವಾದ 'ದಿ ಗೋಲ್ಡನ್ ಬೋ' ಎಂಬ ಗ್ರಂಥದಲ್ಲಿ ತೋರಿಸಿದನು. ಅನಾಗರಿಕರ ಮನಸ್ಸಿಗೆ ಮಾತ್ರ ಇದು ಸಲ್ಲುವುದೆಂದು ಆ ಕಾಲದ ವಿದ್ವಾಂಸರು ತಿಳಿದಿದ್ದರು. ಅದು ತಪ್ಪೆಂದು ತೋರಿಸಿದವರಲ್ಲಿ ಅಮೆರಿಕೆಯ ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ಪ್ರಮುಖರು. ಅವರೂ ಅವರ ಸಂಗಡಿಗರೂ 1986ರಲ್ಲಿ ಪ್ರಕಟಿಸಿದ ಪ್ರಯೋಗಗಳು ಪ್ರಸಿದ್ಧವಾಗಿವೆ. ಕ್ರಿಮಿರಹಿತವಾಗಿ ಮಾಡಿದ ಸತ್ತ ಜಿರಲೆಯನ್ನು ಹಣ್ಣಿನ ರಸದಲ್ಲಿ ಅದ್ದಿ ತೆಗೆದರೆ, ಅಪಾಯವಿಲ್ಲವೆಂದು ತಿಳಿದಿದ್ದರೂ ಜನ ಆ ರಸವನ್ನು ಕುಡಿಯಲು ಹಿಂಜರಿದರು. ಎರಡು ಸೀಸೆಗಳಿಗೆ ಕಣ್ಣೆದುರಿನಲ್ಲೇ ಸಕ್ಕರೆಯನ್ನು ತುಂಬಿ, ಒಂದಕ್ಕೆ 'ಸಕ್ಕರೆ' ಎಂದೂ ಇನ್ನೊಂದಕ್ಕೆ 'ಸಯನೈಡ್' ಎಂದೂ ಚೀಟಿಯನ್ನು ಅವರಿಂದಲೇ ಅಂಟಿಸಿದರು. ಎರಡರಲ್ಲೂ ಸಕ್ಕರೆಯೇ ಇದೆಯೆಂದು ಅರಿತವರೂ ವಿಷದ ಹೆಸರಿನ ಸೀಸೆಯಿಂದ ತಿನ್ನಲು ಅಳುಕಿದರು.

ಇದರಿಂದ ತಿಳಿದುಬರುವುದೇನು? ಜುಗುಪ್ಸೆಯು ಬುದ್ಧಿಯ ಆಜ್ಞೆಯನ್ನು ಪಾಲಿಸುವುದಿಲ್ಲ. ಅದು ಹೆಸರಿಗೆ ಅಂಜುತ್ತದೆ, ಆಕಾರಕ್ಕೆ ಅಂಜುತ್ತದೆ, ನೆನಪಿಗೆ ಅಂಜುತ್ತದೆ. ಕೆಟ್ಟ ಆಹಾರದಿಂದಲೂ ರೋಗದಿಂದಲೂ ನಮ್ಮ ಪೂರ್ವಜರನ್ನು ಕಾಪಾಡಿದ ಸಹಜಪ್ರವೃತ್ತಿಯಿದು, ಇದನ್ನು ಹಳಿಯಬೇಕಾದುದಿಲ್ಲ. ಆದರೆ ಈ ಪ್ರವೃತ್ತಿಯು ವಸ್ತುವನ್ನು ಬಿಟ್ಟು ಮನುಷ್ಯರ ಮೇಲೆ ಎರಗಿದಾಗ ಅನ್ಯಾಯವಾಗುತ್ತದೆ. ಅಮೆರಿಕೆಯಲ್ಲಿ 2002ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಒಬ್ಬ ಯುವತಿಯು ತನ್ನ ಚೀಲದಿಂದ ಒಮ್ಮೆ ಕೂದಲಿನ ಪಿನ್ನನ್ನೂ, ಮತ್ತೊಮ್ಮೆ ಮುಟ್ಟಿನ ದಿನಗಳಲ್ಲಿ ಬಳಸುವ ಸಾಧನವನ್ನೂ, ಅಕಸ್ಮಾತ್ತಾಗಿ ಎಂಬಂತೆ ಬೀಳಿಸಿದಳು. ಎರಡನೆಯದನ್ನು ಕಂಡವರು ಅವಳನ್ನು ಕಡಿಮೆ ಸಮರ್ಥಳೆಂದು ಎಣಿಸಿದರು. ಅವಳಿಂದ ದೂರ ಕುಳಿತುಕೊಳ್ಳುವ ಒಲವನ್ನೂ ತೋರಿದರು. ಬಿದ್ದುದು ಇನ್ನೂ ಬಳಸದ, ಶುದ್ಧವಾದ ವಸ್ತು. ಹೀಗೆ ಭಾವಿಸಿದವರಲ್ಲಿ ಪುರುಷರು ಮಾತ್ರವಲ್ಲ, ಸ್ತ್ರೀಯರೂ ಇದ್ದರು.

ಪಂಚಸೂತಕ ನಿರಾಕರಣೆ

ಇಲ್ಲಿ ನಮ್ಮ ಪರಂಪರೆಯ ಒಂದು ಹಿರಿಮೆಯನ್ನು ಸ್ಮರಿಸಬೇಕು. ಹನ್ನೆರಡನೆಯ ಶತಮಾನದ ಶರಣರು ಜಾತಿ, ಜನನ, ಪ್ರೇತ, ರಜಸ್ಸು, ಉಚ್ಛಿಷ್ಟ ಎಂಬ ಐದು ಸೂತಕಗಳನ್ನೂ ನಿರಾಕರಿಸಿದರು. ಇಷ್ಟಲಿಂಗವನ್ನು ಸದಾ ಅಂಗದ ಮೇಲೆ ಧರಿಸಿದವರಿಗೆ ಸೂತಕವೆಲ್ಲಿಯದೆಂಬುದು ಅವರ ನಿಲುವು. ಸ್ತ್ರೀಯರಿಗೂ ಲಿಂಗಧಾರಣೆಯನ್ನು ವಿಧಿಸಿದ ಮೇಲೆ, ತಿಂಗಳಲ್ಲಿ ಮೂರು ದಿನ ಅದನ್ನು ಕಳಚಿಡುವುದಾಗಲಿ ಪೂಜೆಯನ್ನು ನಿಲ್ಲಿಸುವುದಾಗಲಿ ಆ ತತ್ತ್ವಕ್ಕೆ ಹೊಂದುವಂತಿಲ್ಲ. ಮನಶ್ಶಾಸ್ತ್ರವೆಂಬ ವಿದ್ಯೆಯು ಪ್ರತ್ಯೇಕವಾಗಿ ರೂಪುಗೊಳ್ಳುವುದಕ್ಕೆ ಏಳು ಶತಮಾನಗಳಷ್ಟು ಹಿಂದೆಯೇ, ಹುಟ್ಟು, ಸಾವು, ರಜಸ್ಸು, ಎಂಜಲು, ಜಾತಿ ಇವು ಐದೂ ಒಂದೇ ಸ್ಪರ್ಶಭೀತಿಯ ಕೊಂಬೆಗಳೆಂದು ಕಂಡುಕೊಂಡು ಒಂದೇ ಪಟ್ಟಿಯಲ್ಲಿ ಸೇರಿಸಿದುದು ಸಾಮಾನ್ಯ ದೃಷ್ಟಿಯಲ್ಲ.

ಆದರೆ ವೇದಿಕೆಯ ಮೇಲೆ ಪಂಚಸೂತಕ ನಿರಾಕರಣೆಯನ್ನು ಕುರಿತು ಉಪನ್ಯಾಸ ಮಾಡುವ ನಮ್ಮಂಥವರ ಮನೆಗಳಲ್ಲಿಯೇ ಆ ಮೂರು ದಿನ ಹೆಣ್ಣುಮಕ್ಕಳು ಅಡುಗೆಮನೆಯ ಹೊಸ್ತಿಲಾಚೆ ನಿಂತಿರುವುದನ್ನು ಕಂಡಿದ್ದೇನೆ. ನನ್ನ ಮನೆಯೂ ಇದಕ್ಕೆ ಹೊರತಾಗಿರಲಿಲ್ಲ. ಇದನ್ನು ಕೇವಲ ಕಾಪಟ್ಯವೆಂದು ಹಳಿದರೆ ಕಾರಣ ತಿಳಿಯದು. ಸಕ್ಕರೆಯೆಂದು ತಿಳಿದೂ ಸೀಸೆಯನ್ನು ಮುಟ್ಟದವರ ಸ್ಥಿತಿಯೇ ನಮ್ಮದು. ತತ್ತ್ವವು ಬುದ್ಧಿಗೆ ಇಳಿದಿದೆ, ರೂಢಿಯು ಮೈಯಲ್ಲಿ ಉಳಿದಿದೆ. ಉಪದೇಶ ಮಾತ್ರದಿಂದ ಜುಗುಪ್ಸೆ ಅಳಿಯದು. ಮರಳಿ ಮರಳಿ ಸಹಜವಾಗಿ ನೋಡುವುದರಿಂದ, ಆಡುವುದರಿಂದ, ಬಳಕೆಯಿಂದ ಅದು ಸವೆಯುತ್ತದೆ. ಶರಣರು ಹೇಳಿದುದನ್ನು ಆಚರಿಸಿಯೂ ತೋರಿದುದರ ಮರ್ಮವಿದು.

ಮೌನದ ಕೆಲಸ

ಕೆಲವರು ಕೇಳಬಹುದು: ಇಂಥ ವಿಷಯಗಳನ್ನು ಮುಚ್ಚಿಟ್ಟರೆ ಮಕ್ಕಳ ಮನಸ್ಸು ನಿರ್ಮಲವಾಗಿ ಉಳಿಯುವುದಿಲ್ಲವೆ? ಔಷಧವನ್ನು ಕುಡಿಯುವಾಗ ಕೋತಿಯನ್ನು ನೆನೆಯಬಾರದೆಂದು ವೈದ್ಯನು ವಿಧಿಸಿದ ಕಥೆ ನಮಗೆಲ್ಲ ಗೊತ್ತು. ಬಟ್ಟಲನ್ನು ಎತ್ತಿದೊಡನೆ ಕೋತಿಯೇ ಎದುರು ನಿಲ್ಲುತ್ತದೆ. ಡ್ಯಾನಿಯೆಲ್ ವೆಗ್ನರ್ ಎಂಬ ಮನಶ್ಶಾಸ್ತ್ರಜ್ಞರು ಸಂಗಡಿಗರೊಡನೆ 1987ರಲ್ಲಿ ಇದನ್ನೇ ಪ್ರಯೋಗದಿಂದ ದೃಢಪಡಿಸಿದರು. ಐದು ನಿಮಿಷ ಬಿಳಿಯ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿರಿ ಎಂದು ಹೇಳಿದಾಗ ಗಂಟೆಗಳು ಮತ್ತೆ ಮತ್ತೆ ಮೊಳಗಿದವು. ತರುವಾಯ ನೆನೆಯಲು ಅನುಮತಿ ದೊರೆತಾಗ, ಮೊದಲಿನಿಂದಲೂ ಅನುಮತಿ ಪಡೆದವರಿಗಿಂತ ಇವರೇ ಕರಡಿಯನ್ನು ಹೆಚ್ಚಾಗಿ ನೆನೆದರು. ಅದುಮಿದ ವಿಚಾರ ಅಳಿಯುವುದಿಲ್ಲ, ಬಲಿಯುತ್ತದೆ.

ಇನ್ನು ನನ್ನ ತರಗತಿಯ ನಗೆಯ ವಿಚಾರ. ಆ ಹುಡುಗರಿಗೆ ರಜಸ್ವಲೆಯೆಂಬ ಪದದ ಅರ್ಥ ಗೊತ್ತಿತ್ತೇ? ಬಹುಮಂದಿಗೆ ಗೊತ್ತಿರಲಾರದು. ತಾನೊಬ್ಬನೇ ಅರಿಯದವನು, ಉಳಿದವರೆಲ್ಲ ಅರಿತಿದ್ದಾರೆ ಎಂದು ಪ್ರತಿಯೊಬ್ಬನೂ ಭಾವಿಸಿ ನಕ್ಕಿರಬೇಕು. ಇಂಥ ಸಾಮೂಹಿಕ ತಪ್ಪುತಿಳಿವಳಿಕೆಯನ್ನು ಮನಶ್ಶಾಸ್ತ್ರಜ್ಞರು ವಿಶೇಷವಾಗಿ ವಿವೇಚಿಸಿದ್ದಾರೆ. ಡೇಲ್ ಮಿಲ್ಲರ್ ಮತ್ತು ಕ್ಯಾಥಿ ಮೆಕ್‌ಫಾರ್ಲೆಂಡ್ ಎಂಬವರು 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇಕೆಂದೇ ಅರ್ಥವಾಗದಂತೆ ಬರೆದ ಲೇಖನವನ್ನು ವಿದ್ಯಾರ್ಥಿಗಳಿಗೆ ಕೊಟ್ಟು, ತೊಡಕಿದ್ದರೆ ಬಂದು ಕೇಳಬಹುದೆಂದು ಹೇಳಲಾಯಿತು. ಎದ್ದುಹೋಗಿ ಕೇಳುವ ಧೈರ್ಯ ಅವರಿಗಾಗಲಿಲ್ಲ. ತಾನು ಕೇಳದಿರುವುದು ಸಂಕೋಚದಿಂದ, ಇತರರು ಕೇಳದಿರುವುದು ಅರ್ಥವಾಗಿರುವುದರಿಂದ ಎಂದು ಅವರು ಎಣಿಸಿದರು. ತರಗತಿಯ ಮೌನವನ್ನು ಅರಿವಿನ ಗುರುತೆಂದು ತಿಳಿಯುವ ಅಧ್ಯಾಪಕರೆಲ್ಲ ಇದನ್ನು ಮನನ ಮಾಡಬೇಕು. ಅಂದು ಎದ್ದುನಿಂತ ಆ ಹುಡುಗಿ ಇಡೀ ತರಗತಿಯ ಪರವಾಗಿ ಕೇಳಿದ್ದಳು. ಅವಳನ್ನು ಕೂಡಿಸಿದ ನಾನು ಎಲ್ಲರನ್ನೂ ಕೂಡಿಸಿದೆ.

ಔಚಿತ್ಯವೇ ಮಾರ್ಗ

ಹಾಗಾದರೆ ಎಲ್ಲವನ್ನೂ ಎಲ್ಲೆಂದರಲ್ಲಿ ಆಡಬಹುದೆ? ಖಂಡಿತ ಅಲ್ಲ. ಈ ಸಂದೇಹಕ್ಕೂ ಆಲಂಕಾರಿಕರಲ್ಲಿಯೇ ಸಮಾಧಾನವಿದೆ. ಅಶ್ಲೀಲವು ಎಲ್ಲೆಡೆಯೂ ದೋಷವಲ್ಲ. ವೈರಾಗ್ಯವನ್ನು ಬೋಧಿಸುವ ಸಂದರ್ಭದಲ್ಲಿ ದೇಹದ ಹೇಸಿಕೆಯನ್ನು ವರ್ಣಿಸುವುದು ಗುಣವೇ ಆಗುತ್ತದೆಂದು ಮಮ್ಮಟನು ಒಪ್ಪುತ್ತಾನೆ. 'ಭಗಿನೀ', 'ಭಗವತೀ' ಮೊದಲಾದ ಪದಗಳ ಒಳಗೆ ಬೇರೊಂದು ಅರ್ಥದ ಅಂಶವು ಅಡಗಿದ್ದರೂ ಲೋಕವು ಅವುಗಳನ್ನು ನಿಸ್ಸಂಕೋಚವಾಗಿ ಬಳಸುತ್ತದೆಂದು ದಂಡಿಯು ತಿಳಿಸುತ್ತಾನೆ. ಎಂದಮೇಲೆ ನಾಚಿಕೆಯು ಪದದಲ್ಲಿಲ್ಲ, ಬಳಕೆಯಲ್ಲಿದೆ. ಬೀದಿಯಲ್ಲಿ ದೋಷವಾದ ಮಾತು ವೈದ್ಯನ ಮುಂದೆ ಗುಣ. ಅಧ್ಯಾಪಕನ ಬಾಯಲ್ಲಿಯೂ ಗುಣ. ಕ್ಷೇಮೇಂದ್ರನು ಕಾವ್ಯಕ್ಕೆ ಪ್ರಾಣವೆಂದು ಸಾರಿದ ಔಚಿತ್ಯವೇ ಇಲ್ಲಿಯೂ ದಾರಿದೀಪ.

ನಮ್ಮ ರಾಜ್ಯ ಸರ್ಕಾರವು 2013-14ರಲ್ಲಿ 'ಶುಚಿ' ಯೋಜನೆಯನ್ನು ಆರಂಭಿಸಿ ಶಾಲಾಬಾಲಕಿಯರಿಗೆ ನೈರ್ಮಲ್ಯದ ಕಿಟ್‌ಗಳನ್ನು ಹಂಚಿತು. ಒಳ್ಳೆಯ ಕಾರ್ಯ. ಆದರೆ ವಸ್ತುವಿನೊಡನೆ ಮಾತೂ ತಲುಪಬೇಕು. ವಿಜ್ಞಾನದ ಪುಸ್ತಕದಲ್ಲಿ ಆ ಪಾಠ ಬಂದಾಗ 'ಮನೆಯಲ್ಲಿ ಓದಿಕೊಳ್ಳಿ' ಎಂದು ಹಾಳೆ ಮಗುಚಿದರೆ, ಆ ಪುಟಗಳನ್ನು ಅಚ್ಚುಹಾಕಿಸಿ ಪ್ರಯೋಜನವಿಲ್ಲ. ದಾನಿಗಳಲ್ಲಿಯೂ ಒಂದು ಬಿನ್ನಹವಿದೆ. ಕಟ್ಟಡಕ್ಕೆ ನೆರವಾಗುವಾಗ ಬಾಲಕಿಯರ ಶೌಚಗೃಹಕ್ಕೆ ನೀರು, ಬಾಗಿಲಿಗೆ ಅಗುಳಿ, ಒಳಗೆ ಮುಚ್ಚಳವಿರುವ ಕಸದ ಡಬ್ಬಿ ಇವುಗಳನ್ನೂ ನೆನೆಯಿರಿ. ಇವುಗಳ ಮೇಲೆ ಹೆಸರಿನ ಕಲ್ಲನ್ನು ಕೆತ್ತಿಸಲು ಬಾರದು, ಪುಣ್ಯಕ್ಕೆ ಕೊರತೆಯಿಲ್ಲ.

ಕಡೆಯದಾಗಿ, ಅಂದು ಹೇಳಬೇಕಾಗಿದ್ದ ಉತ್ತರ. "ಕೇಳಿದ್ದು ಒಳ್ಳೆಯದಾಯಿತಮ್ಮ. ಹೆಣ್ಣುಮಕ್ಕಳು ಬೆಳೆದು ಸುಮಾರು ಹತ್ತರಿಂದ ಹದಿನೈದು ವರ್ಷದೊಳಗೆ ದೊಡ್ಡವರಾಗುತ್ತಾರೆ. ಮುಂದೆ ಮಗುವಿಗೆ ಆಸರೆಯಾಗಬೇಕಾದ ಗರ್ಭಾಶಯವು ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಒಳಗೆ ಮೆದುವಾದ ಪದರವೊಂದನ್ನು ಸಿದ್ಧಮಾಡುತ್ತದೆ. ಗರ್ಭ ನಿಲ್ಲದಿದ್ದರೆ ಆ ಪದರ ಬೇಡವಾಗಿ ರಕ್ತದೊಡನೆ ಕೆಲವು ದಿನ ಹೊರಬರುತ್ತದೆ. ಇದು ರೋಗವಲ್ಲ, ಕೆಟ್ಟ ರಕ್ತವಲ್ಲ, ಮೈಲಿಗೆಯಲ್ಲ. ಆ ದಿನಗಳಲ್ಲಿರುವವಳು ರಜಸ್ವಲೆ. ನೋವು ಹೆಚ್ಚಾದರೆ ಅವ್ವನಿಗೆ ಹೇಳಬೇಕು, ವೈದ್ಯರಿಗೆ ತೋರಿಸಬೇಕು. ಅಂಥ ದಿನಗಳಲ್ಲಿ ದ್ರೌಪದಿಯನ್ನು ಸಭೆಗೆ ಎಳೆದುತಂದರು. ತಪ್ಪು ಅವಳ ಸ್ಥಿತಿಯದಲ್ಲ, ಎಳೆದವನದು, ನೋಡುತ್ತ ಸುಮ್ಮನೆ ಕುಳಿತ ಹಿರಿಯರದು."

ಇಷ್ಟನ್ನು ಹೇಳಲು ಎರಡು ನಿಮಿಷ ಸಾಕಾಗಿತ್ತು. ಆ ಸಭೆಯಲ್ಲಿ ಮೌನವಾಗಿ ಕುಳಿತ ಹಿರಿಯರನ್ನು ವರ್ಷವರ್ಷವೂ ಪಾಠದಲ್ಲಿ ಖಂಡಿಸುತ್ತ ಬಂದ ನಾನು, ನನ್ನ ತರಗತಿಯಲ್ಲಿ ಅವರ ಸಾಲಿನಲ್ಲಿಯೇ ಕುಳಿತಿದ್ದೆ. ಈ ಸಂಪುಟವನ್ನು ಓದುವ ತರುಣ ಅಧ್ಯಾಪಕರು ಆ ಸಾಲಿನಲ್ಲಿ ಕೂಡದಿರಲಿ. ಮಗು ಎದ್ದುನಿಂತು ಕೇಳಿದಾಗ ನಿಲ್ಲಿಸಿಕೊಂಡೇ ಉತ್ತರ ಹೇಳುವ ಧೈರ್ಯ ಅವರಿಗೆ ಲಭಿಸಲೆಂದು ಹಾರೈಸಿ ವಿರಮಿಸುತ್ತೇನೆ.