ದೂರದ ತಂಡದ ಚಿಂತನಾ ಸಭೆ: ಮೊದಲು ಬರೆಸಿ, ಆಮೇಲೆ ಮಾತಾಡಿಸಿ

ಕೋಲಾರ ಸೀಮೆಯ ನರಸಾಪುರದ ಕಾರ್ಖಾನೆಗಳ ಕೆಲಸ ಒಂದೇ ಕಾಂಪೌಂಡಿನೊಳಗೆ ಮುಗಿಯುವಂಥದ್ದಲ್ಲ. 2013ರಲ್ಲಿ ಇಲ್ಲಿ ಉತ್ಪಾದನೆ ಶುರುಮಾಡಿದ ಹೋಂಡಾ ದ್ವಿಚಕ್ರ ವಾಹನ ಕಂಪನಿಗೆ ಹರಿಯಾಣ, ರಾಜಸ್ಥಾನ, ಗುಜರಾತಿನಲ್ಲೂ ಘಟಕಗಳಿವೆ. ವಿಸ್ಟ್ರಾನ್ ಕಂಪನಿಯಿಂದ ಇಲ್ಲಿನ ಐಫೋನ್ ಘಟಕ ಕೊಂಡ ಟಾಟಾ ಎಲೆಕ್ಟ್ರಾನಿಕ್ಸ್ ಹೊಸೂರಿನಲ್ಲೂ ಇದೆ. ಹಾಗಾಗಿ ಇಂಥ ಕಡೆ ಸಮಸ್ಯೆಗೆ ಪರಿಹಾರ ಹುಡುಕಲು ವಿಡಿಯೊ ಕಾಲ್ ಅನಿವಾರ್ಯ. ಆದರೆ ಕಾಲ್‌ನಲ್ಲಿ ಇಬ್ಬರು ಮೂವರೇ ಮಾತಾಡಿ ಮುಗಿಸಿದರೆ, ಲೈನಿನಲ್ಲಿ ನಿಂತು ದುಡಿಯುವವರಿಗೆ ಗೊತ್ತಿದ್ದದ್ದು ಹೊರಗೆ ಬರುವುದಿಲ್ಲ. ಅದನ್ನು ಹೊರತರುವುದೇ ಸಭೆ ನಡೆಸುವವರ ಮುಖ್ಯ ಕೆಲಸ.

1. ಪ್ರಶ್ನೆ ಚಿಕ್ಕದಿರಲಿ. ‘ಗುಣಮಟ್ಟ ಸುಧಾರಿಸುವುದು ಹೇಗೆ?’ ಎಂದರೆ ಉಪದೇಶಗಳೇ ಬರುತ್ತವೆ. ‘ಎರಡನೇ ಪಾಳಿಯ ಮೊದಲ ಅರ್ಧ ಗಂಟೆಯಲ್ಲಿ ಸ್ಕ್ರೂ ಸಡಿಲ ಉಳಿಯುವುದನ್ನು ತಡೆಯಲು ಏನು ಮಾಡಬಹುದು?’ ಎಂದು ಕೇಳಿ. ಟೂಲ್ ಇಡುವ ಜಾಗ, ಬೆಳಕು, ಹಿಂದಿನ ಪಾಳಿಯವರು ಹೇಳದೆ ಹೋದ ಮಾತು, ಎಲ್ಲವೂ ಹೊರಬೀಳುತ್ತವೆ.

2. ಒಬ್ಬೊಬ್ಬರೇ ಬರೆಯಲಿ. ಈ ಹಂತವನ್ನು ಮಾತ್ರ ಬಿಡಬೇಡಿ. ಗುಂಪು ಚಿಂತನೆಯನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಜಾಹೀರಾತು ತಜ್ಞ ಅಲೆಕ್ಸ್ ಆಸ್ಬಾರ್ನ್. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ಆ ವಿಧಾನವನ್ನು ಪರೀಕ್ಷಿಸಿದಾಗ, ಒಟ್ಟಿಗೆ ಕೂತ ಗುಂಪಿಗಿಂತ ಅಷ್ಟೇ ಜನ ಬೇರೆ ಬೇರೆಯಾಗಿ ಯೋಚಿಸಿ ಕೊಟ್ಟ ಸಲಹೆಗಳೇ ಹೆಚ್ಚಾಗಿದ್ದವು. ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು. ಕಾಯುವಷ್ಟರಲ್ಲಿ ಹೊಳೆದದ್ದು ಮರೆತುಹೋಗುತ್ತದೆ. ವಿಡಿಯೊ ಕಾಲ್‌ನಲ್ಲಿ ಈ ಕಾಟ ಇನ್ನೂ ಜಾಸ್ತಿ.

ಆದ್ದರಿಂದ ಪ್ರಶ್ನೆಯನ್ನು ಹಿಂದಿನ ದಿನವೇ ಕಳಿಸಿ, ತಲಾ ಮೂರು ಸಲಹೆ ಕೇಳಿ. ಕೋಲಾರ ಸೀಮೆಯಲ್ಲಿ ಮನೆಮಾತು ತೆಲುಗು, ಓದಿದ್ದು ಕನ್ನಡದಲ್ಲಿ ಎನ್ನುವವರು ಬಹಳ. ಇಂಗ್ಲಿಷೇ ಬೇಕೆಂದರೆ ಅವರು ಸುಮ್ಮನಾಗುತ್ತಾರೆ. ಯಾವ ಭಾಷೆಯಲ್ಲಾದರೂ ಬರೆಯಲಿ, ವಾಯ್ಸ್ ಮೆಸೇಜನ್ನಾದರೂ ಕಳಿಸಲಿ. ಒಳಗೆ ಫೋನ್ ಬಿಡದ ಘಟಕವಾದರೆ ಚೀಟಿ ಸಾಕು. ಹೆಸರು ತೆಗೆದು ಒಂದೇ ಹಾಳೆಯಲ್ಲಿ ಹಾಕಿದರೆ ಮ್ಯಾನೇಜರ್ ಮಾತಿಗೂ ಟ್ರೈನಿ ಮಾತಿಗೂ ಒಂದೇ ತೂಕ.

3. ಹೊತ್ತು ನೋಡಿ ಕರೆಯಿರಿ. ಜಪಾನಿನವರೂ ಸೇರುವುದಾದರೆ, ಇಲ್ಲಿ ಬೆಳಗ್ಗೆ 11 ಎಂದರೆ ಅಲ್ಲಿ ಮಧ್ಯಾಹ್ನ 2.30, ಎರಡೂ ಕಡೆಗೆ ಹೊಂದುತ್ತದೆ. ಪಾಳಿ ಮುಗಿದ ಮೇಲಂತೂ ಬೇಡ. ಮುಳಬಾಗಿಲು, ಶ್ರೀನಿವಾಸಪುರದ ಬಸ್ಸು ತಪ್ಪೀತೆಂದು ಗಡಿಯಾರ ನೋಡುತ್ತಾ ಕೂತವರಿಂದ ಏನು ಸಲಹೆ ಬಂದೀತು? ರಾತ್ರಿ ಪಾಳಿಯವರನ್ನು ನಿದ್ದೆಯಿಂದ ಎಬ್ಬಿಸಬೇಡಿ, ಅವರು ಬರೆದದ್ದನ್ನು ಸಭೆಯಲ್ಲಿ ಬೇರೆಯವರು ಓದಲಿ.

4. ಸಭೆಯಲ್ಲಿ ಬೆಳೆಸಿ. ಆರು ಜನ ಸಾಕು, ಎಂಟು ದಾಟಬಾರದು. ಜರ್ಮನಿಯ ಬರ್ನ್ಡ್ ರೋರ್‌ಬಾಕ್ 1968ರಲ್ಲಿ ಸೂಚಿಸಿದ ಕ್ರಮದಲ್ಲಿ ಆರು ಜನ ಪ್ರತಿ ಐದು ನಿಮಿಷಕ್ಕೆ ತಲಾ ಮೂರು ಸಲಹೆ ಬರೆದು ಹಾಳೆಯನ್ನು ಪಕ್ಕದವರಿಗೆ ದಾಟಿಸುತ್ತಾರೆ. ಅರ್ಧ ಗಂಟೆಗೆ 108 ಸಲಹೆ. ಆನ್‌ಲೈನ್ ಶೀಟಿನಲ್ಲಿ ಇದು ಸುಲಭ. ಆ ಅರ್ಧ ಗಂಟೆ ‘ಇದು ಆಗಲ್ಲ’ ಎಂಬ ಮಾತು ಬೇಡ. ಹಿರಿಯರು ಕೊನೆಗೆ ಮಾತಾಡಲಿ.

5. ಆರಿಸಿ, ಹಂಚಿ. ಒಂದೇ ಬಗೆಯವನ್ನು ಒಟ್ಟುಗೂಡಿಸಿ, ತಲಾ ಮೂರು ಮತ ಕೊಡಿ. ಗೆದ್ದ ಎರಡು ಸಲಹೆಗಳನ್ನು ಯಾರು, ಯಾವ ಲೈನಿನಲ್ಲಿ, ಯಾವ ತಾರೀಕಿನೊಳಗೆ ಪ್ರಯೋಗಿಸುತ್ತಾರೆಂದು ಕಾಲ್ ಮುಗಿಯುವ ಮುಂಚೆಯೇ ಬರೆದುಕೊಳ್ಳಿ. ಬಿಟ್ಟ ಸಲಹೆಗಳಿಗೂ ಒಂದೊಂದು ಸಾಲಿನ ಕಾರಣ ಬರೆದು ವಾರದೊಳಗೆ ಲೈನಿನ ಬೋರ್ಡಿಗೆ ಅಂಟಿಸಿ. ಬರೆದುಕೊಟ್ಟವರು ಅದನ್ನೇ ಕಾಯುತ್ತಿರುತ್ತಾರೆ.