ಭೂಗೋಳದ ಮೊದಲನೆಯ ಪಾಠ: ಏಳು ಖಂಡಗಳು



ಒಬ್ಬ ತಾಯಿಯ ಮಗನು ದುಡಿಮೆಗಾಗಿ ಆಫ್ರಿಕಕ್ಕೆ ಹೋಗಿದ್ದಾನೆಂದು ಎಣಿಸಿರಿ. 2023ನೇ ಇಸವಿಯ ಎಪ್ರಿಲ್ ತಿಂಗಳಲ್ಲಿ ಸುಡಾನ್ ದೇಶದಲ್ಲಿ ಯುದ್ಧವು ಹುಟ್ಟಿತು. “ಆಫ್ರಿಕದಲ್ಲಿ ಯುದ್ಧವಂತೆ” ಎಂಬ ಮಾತನ್ನು ಸಂತೆಯಲ್ಲಿ ಕೇಳಿದ ಆ ತಾಯಿಯು ಊಟವನ್ನು ಬಿಟ್ಟು ಅಳುತ್ತಾ ಕೂತಳು. ಮಗನಾದರೋ ಟಾಂಜಾನಿಯ ದೇಶದ ದಾರ್ ಎಸ್ ಸಲಾಮ್ ಪಟ್ಟಣದಲ್ಲಿದ್ದನು. ಸುಡಾನಿನ ರಾಜಧಾನಿಯಾದ ಖಾರ್ಟೂಮಿಗೂ ಆ ಪಟ್ಟಣಕ್ಕೂ ಇರುವ ದೂರವು ಬೆಂಗಳೂರಿಗೂ ದಿಲ್ಲಿಗೂ ಇರುವ ದೂರಕ್ಕಿಂತ ಹೆಚ್ಚು. ಆಕೆಯ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಭೂಮಿಯ ತಿಳುವಳಿಕೆಯಲ್ಲಿ ಮಾತ್ರ ಕೊರತೆಯಿತ್ತು. ಯಾಕಂದರೆ ಆಫ್ರಿಕವೆಂಬದು ಒಂದು ದೇಶವಲ್ಲ, 54 ದೇಶಗಳುಳ್ಳ ಖಂಡ. ಇಂಥ ವೃಥಾ ದುಃಖವು ನಮಗೆ ಬಾರದ ಹಾಗೆ ಖಂಡಗಳ ವಿಷಯವನ್ನು ಈ ತಿಂಗಳು ಕಲಿಯೋಣ.

ಭೂಮಿಯು ಚೆಂಡಿನಂತೆ ಗುಂಡಾಗಿದೆ. ಅದರ ಮೇಲ್ಮೈಯನ್ನು ನೂರು ಪಾಲು ಮಾಡಿದರೆ ಸುಮಾರು 71 ಪಾಲು ನೀರು, 29 ಪಾಲು ಮಾತ್ರ ನೆಲ. ಆ ನೆಲದ ದೊಡ್ಡ ಭಾಗಗಳಿಗೆ ಖಂಡಗಳೆಂದು ಹೆಸರು. ಮನೆಗಳು ಸೇರಿ ಊರು, ಊರುಗಳು ಸೇರಿ ತಾಲೂಕು, ಹೀಗೆಯೇ ಜಿಲ್ಲೆ, ರಾಜ್ಯ, ದೇಶ ಎಂದು ಏರುತ್ತಾ ಹೋದರೆ ಕಡೆಗೆ ಖಂಡವು ಸಿಕ್ಕುತ್ತದೆ. ದೊಡ್ಡದರಿಂದ ಚಿಕ್ಕದಕ್ಕೆ ಅವುಗಳ ಕ್ರಮವೇನಂದರೆ: ಏಷ್ಯಾ, ಆಫ್ರಿಕ, ಉತ್ತರ ಅಮೇರಿಕ, ದಕ್ಷಿಣ ಅಮೇರಿಕ, ಅಂಟಾರ್ಕ್ಟಿಕ, ಯೂರೋಪು, ಆಸ್ಟ್ರೇಲಿಯ. ಏಷ್ಯಾಕ್ಕೂ ಯೂರೋಪಿಗೂ ನಡುವೆ ಸಮುದ್ರವಿಲ್ಲ. ಉರಾಲ್ ಬೆಟ್ಟಗಳನ್ನು ಗಡಿಯೆಂದು ಎಣಿಸುವದು ಹಿಂದಿನಿಂದ ಬಂದ ವಾಡಿಕೆ. ಆದದರಿಂದ ಕೆಲವು ದೇಶಗಳ ಶಾಲೆಗಳಲ್ಲಿ ಎರಡನ್ನೂ ಒಂದಾಗಿ ಎಣಿಸುವದುಂಟು.

ಈಗ ಪುಸ್ತಕವನ್ನು ಮುಚ್ಚಿ ಬೆಳಗಿನ ಸೂರ್ಯನಿಗೆ ಮುಖಮಾಡಿ ಅಂಗಳದಲ್ಲಿ ನಿಲ್ಲಿರಿ. ಮುಂದೆ ಮೂಡಲು, ಹಿಂದೆ ಪಡುವಲು, ಎಡಗೈಗೆ ಬಡಗಲು, ಬಲಗೈಗೆ ತೆಂಕಲು. ನೀವು ನಿಂತ ನೆಲವು ಏಷ್ಯಾ ಖಂಡ. ಎಡಗಡೆಗೆ ಹಿಮಾಲಯವನ್ನು ದಾಟಿ ಚೀನ, ಸೈಬೀರಿಯಗಳ ತನಕ ಇದೇ ಖಂಡವು ಹಬ್ಬಿರುತ್ತದೆ. ಬೆನ್ನ ಹಿಂದೆ ಅರಬ್ಬೀ ಸಮುದ್ರ. ಅದರಾಚೆಯ ಅರಬಸ್ಥಾನವೂ ಏಷ್ಯಾದೊಳಗಿನದೇ. ಅಲ್ಲಿಂದ ಕೆಂಪು ಸಮುದ್ರವನ್ನು ದಾಟಿದರೆ ಆಫ್ರಿಕ. ವಾಯವ್ಯ ಮೂಲೆಗೆ ಯೂರೋಪು, ಆಗ್ನೇಯ ಮೂಲೆಗೆ ಆಸ್ಟ್ರೇಲಿಯ. ಮಂಗಳೂರಿನ ಕಡಲಿನಿಂದ ನೇರವಾಗಿ ತೆಂಕಲಿಗೆ ಹಡಗು ನಡಿಸಿದರೆ ಅಂಟಾರ್ಕ್ಟಿಕದ ಮಂಜುಗಡ್ಡೆಯ ವರೆಗೆ ಬೇರೆ ಯಾವ ಖಂಡವೂ ಅಡ್ಡ ಬರುವದಿಲ್ಲ. ಎರಡು ಅಮೇರಿಕಗಳು ಭೂಗೋಳದ ಆಚೇ ಮಗ್ಗುಲಲ್ಲಿ ಇರುತ್ತವೆ. ನಮಗೆ ಮಧ್ಯಾಹ್ನವಾದಾಗ ಅಲ್ಲಿಯ ಹೆಚ್ಚಿನ ಊರುಗಳಲ್ಲಿ ರಾತ್ರಿ.

ಹೆಸರುಗಳನ್ನು ಬಾಯಿಪಾಠ ಮಾಡಿದರೆ ಬೇಗ ಮರೆತುಹೋಗುವವು. ಆದರೆ ನಮ್ಮ ಹೊಲದಲ್ಲಿಯೂ ಅಡಿಗೆಮನೆಯಲ್ಲಿಯೂ ಖಂಡಗಳ ಗುರುತುಗಳು ಇರುತ್ತವೆ. ಮುದ್ದೆಯ ರಾಗಿಯೂ ರೊಟ್ಟಿಯ ಜೋಳವೂ ಸಾವಿರಾರು ವರುಷಗಳ ಹಿಂದೆ ಆಫ್ರಿಕದಿಂದ ಬಂದವುಗಳು. ಮೆಕ್ಕೆಜೋಳವೂ ಮೆಣಸಿನಕಾಯಿಯೂ ಉತ್ತರ ಅಮೇರಿಕದ ಮೆಕ್ಸಿಕೋ ದೇಶದ ಕಡೆಯವು. ಆಲೂಗಡ್ಡೆ, ನೆಲಗಡಲೆ, ಗೇರು ಇವುಗಳ ತವರು ದಕ್ಷಿಣ ಅಮೇರಿಕ. ಎಲೆಕೋಸು ಯೂರೋಪಿನದು. ನೀಲಗಿರಿ ಮರವು ಆಸ್ಟ್ರೇಲಿಯದ್ದು. ಮಾವು, ಹಲಸು, ಕರಿಮೆಣಸುಗಳು ಏಷ್ಯಾದವು, ಅದರಲ್ಲಿಯೂ ನಮ್ಮ ದೇಶದವೇ. ಅಂಟಾರ್ಕ್ಟಿಕದಲ್ಲಿ ಬೆಳೆಯೂ ಇಲ್ಲ, ಊರೂ ಇಲ್ಲ. ಶಾಸ್ತ್ರಜ್ಞರ ಠಾಣೆಗಳು ಮಾತ್ರ ಉಂಟು. ಅವುಗಳಲ್ಲಿ ‘ಮೈತ್ರಿ’, ‘ಭಾರತಿ’ ಎಂಬವು ನಮ್ಮ ದೇಶದವರು ಕಟ್ಟಿದವುಗಳು.

ಮೆಣಸಿನಕಾಯಿಯ ಸಂಗತಿಗೆ ನಮ್ಮ ಭಾಷೆಯೇ ಸಾಕ್ಷಿ ಹೇಳುತ್ತದೆ. ಕೊಲಂಬಸನು 1492ರಲ್ಲಿ ಅಮೇರಿಕದ ದ್ವೀಪಗಳನ್ನು ಮುಟ್ಟಿದನು. ವಾಸ್ಕೋ ಡ ಗಾಮನು 1498ರಲ್ಲಿ ಕಲ್ಲಿಕೋಟೆಗೆ ಬಂದನು. ಆ ಮೇಲೆಯೇ ಪೋರ್ತುಗೀಸರ ಹಡಗುಗಳಲ್ಲಿ ಈ ಕಾಯಿಯು ನಮ್ಮಲ್ಲಿಗೆ ಬಂತು. ಅದಕ್ಕೆ ಮುಂಚೆ ಖಾರವೆಂದರೆ ನಮ್ಮವರಿಗೆ ಮೆಣಸೇ ಮುಖ್ಯ. ಹೊಸ ಕಾಯಿಯೂ ಹಾಗೆಯೇ ಖಾರವಾಗಿದ್ದದರಿಂದ ಅದನ್ನು ಮೆಣಸಿನಕಾಯಿ ಎಂದು ಕರೆದರು. ಆದದರಿಂದ ದೂರದ ಖಂಡದವರನ್ನು, ವಿಶೇಷವಾಗಿ ಆಫ್ರಿಕದವರನ್ನು, ಹೀನವಾಗಿ ಮಾತಾಡುವವನು ತನ್ನ ಬಟ್ಟಲಿನಲ್ಲಿರುವದನ್ನು ಒಮ್ಮೆ ನೋಡತಕ್ಕದ್ದು.

ನಕ್ಷೆಯನ್ನು ನೋಡುವವರಿಗೆ ಒಂದು ಎಚ್ಚರಿಕೆ. ಕಿತ್ತಳೆ ಹಣ್ಣಿನ ಸಿಪ್ಪೆಯನ್ನು ಸುಲಿದು ಹಲಗೆಯ ಮೇಲೆ ಚಪ್ಪಟೆಯಾಗಿ ಒತ್ತಿರಿ. ಅದು ಹರಿಯದೆ ಇರದು. ಗುಂಡಾದ ಭೂಮಿಯನ್ನು ಕಾಗದದ ಮೇಲೆ ಬರೆಯುವಾಗಲೂ ಹೀಗೆಯೇ ಎಲ್ಲಾದರೂ ಎಳೆಯಬೇಕಾಗುತ್ತದೆ. ಮರ್ಕೇಟರ್ ಎಂಬವನು 1569ರಲ್ಲಿ ನಾವಿಕರಿಗೋಸ್ಕರ ಒಂದು ನಕ್ಷೆಯನ್ನು ಬರೆದನು. ಅದು ದಿಕ್ಕು ಹಿಡಿಯುವದಕ್ಕೆ ಬಹಳ ಉಪಯುಕ್ತ. ಆದರೆ ಧ್ರುವಗಳ ಹತ್ತಿರದ ನೆಲವನ್ನು ಅತಿಯಾಗಿ ಹಿಗ್ಗಿಸುತ್ತದೆ. ಆ ಬಗೆಯ ನಕ್ಷೆಯಲ್ಲಿ ಗ್ರೀನ್‌ಲೆಂಡ್ ದ್ವೀಪವು ಆಫ್ರಿಕದಷ್ಟೇ ದೊಡ್ಡದಾಗಿ ಕಾಣುವದು. ನಿಜವಾಗಿ ಆಫ್ರಿಕವು ಅದರ ಹದಿನಾಲ್ಕರಷ್ಟು ದೊಡ್ಡದು, ನಮ್ಮ ಭಾರತದ ಒಂಬತ್ತರಷ್ಟು ದೊಡ್ಡದು. ಆದದರಿಂದ ಕಾಗದದ ಅಳತೆಯಿಂದ ಯಾವ ದೇಶವನ್ನೂ ಹಿರಿದು ಕಿರಿದೆಂದು ತೀರ್ಮಾನಿಸಬಾರದು. ಸಾಧ್ಯವಾದರೆ ಗೋಲವನ್ನೇ ನೋಡಿರಿ.

ಮನೆಯಲ್ಲಿ ಯಾರಾದರೂ ದೂರದೇಶಕ್ಕೆ ಹೋಗಿದ್ದರೆ, ಅವರ ಖಂಡ, ದೇಶ, ಪಟ್ಟಣ ಈ ಮೂರನ್ನೂ ಒಂದು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿರಿ. ಓದಬಲ್ಲ ಮಕ್ಕಳು ಓದಲಾರದ ಹಿರಿಯರ ಬೆರಳನ್ನು ಹಿಡಿದು ನಕ್ಷೆಯಲ್ಲಿ ಆ ಸ್ಥಳವನ್ನು ಮುಟ್ಟಿಸಲಿ. ಮೇಲೆ ಹೇಳಿದ ತಾಯಿಗೆ ಇಷ್ಟು ತಿಳಿದಿದ್ದರೆ, ಸಂತೆಯ ಸುದ್ದಿಯನ್ನು ಕೇಳಿದಾಗ ಅಳುವದಕ್ಕೆ ಬದಲಾಗಿ “ಯಾವ ದೇಶದಲ್ಲಿ?” ಎಂದು ಕೇಳುತ್ತಿದ್ದಳು.

ಅಭ್ಯಾಸಕ್ಕಾಗಿ ಪ್ರಶ್ನೆಗಳು

1. ಏಳು ಖಂಡಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಕ್ರಮವಾಗಿ ಹೇಳಿರಿ.
2. ನಿಮ್ಮ ಅಂಗಳದಿಂದ ಆಸ್ಟ್ರೇಲಿಯವು ಯಾವ ದಿಕ್ಕಿಗೆ ಇದೆ?
3. ಇಂದಿನ ನಿಮ್ಮ ಊಟದಲ್ಲಿ ಎಷ್ಟು ಖಂಡಗಳ ಬೆಳೆ ಇತ್ತು?
4. ಗ್ರೀನ್‌ಲೆಂಡ್ ನಕ್ಷೆಯಲ್ಲಿ ದೊಡ್ಡದಾಗಿ ಕಾಣುವದು ಯಾಕೆ?